ಮಗುವಿನ ಮನಸ್ಸಿಗೆ ಸಹಾಯ ಬೇಕಾದಾಗ: ಮನೆ, ಶಾಲೆ, ಥೆರಪಿ, ಮಾತ್ರೆ – ಯಾವುದು ಯಾವಾಗ?

ಸೋಮವಾರ ಬೆಳಿಗ್ಗೆ ಏಳಕ್ಕೆ ಹೊಟ್ಟೆನೋವು. ಹತ್ತು ಗಂಟೆಗೆ ಮಾಯ. ಮಂಗಳವಾರ ಮತ್ತೆ ಏಳಕ್ಕೆ ಹಾಜರು. ರಜೆ ಬಂದರೆ ಹೊಟ್ಟೆನೋವಿಗೂ ರಜೆ. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಕೊನೆಗೆ "ಹೊಟ್ಟೆ ಚೆನ್ನಾಗಿದೆ, ಮನಸ್ಸಲ್ಲಿ ಏನೋ ಇದೆ" ಅಂದರು.

ಆಮೇಲೆ ಸಲಹೆಗಳ ಮಳೆ. ಶಾಲೆಯ ಕೌನ್ಸೆಲರ್ ಹತ್ತಿರ ಕಳಿಸಿ ಅಂದರು ಟೀಚರ್. ಗೆಳತಿಯೊಬ್ಬಳು ಸೈಕಾಲಜಿಸ್ಟ್ ನಂಬರ್ ಕೊಟ್ಟಳು. ಇನ್ನೊಬ್ಬರು ಧ್ಯಾನದ ಆ್ಯಪ್ ಹಾಕಿಕೊಟ್ಟರು. ಮನೆಯ ಹಿರಿಯರು "ಸುಮ್ನಿರಿ, ಮಕ್ಕಳು ಅಂದ್ರೆ ಇದೆಲ್ಲ ಇದ್ದಿದ್ದೇ" ಅಂದರು. ಇದರಲ್ಲಿ ಯಾವುದೂ ಪೂರ್ತಿ ತಪ್ಪಲ್ಲ. ಒಂದೊಂದಕ್ಕೂ ಒಂದೊಂದು ಹೊತ್ತಿದೆ. ನಾವು ಆ ಹೊತ್ತು ನೋಡದೆ, ಯಾರು ಜೋರಾಗಿ ಹೇಳಿದರೋ ಅವರ ಮಾತು ಕೇಳಿದೆವು. ಎಂಟು ತಿಂಗಳು ಹಾಗೇ ಹೋಯಿತು.

ಈ ಬರಹ ಆ ಎಂಟು ತಿಂಗಳು ಉಳಿಸಿಕೊಳ್ಳಬೇಕು ಅನ್ನುವವರಿಗೆ. ನಾನು ಡಾಕ್ಟರ್ ಅಲ್ಲ. ಆದರೆ ಒಂಬತ್ತು ವರ್ಷದ ಮಗಳ ಆತಂಕವನ್ನೂ, ಆಮೇಲೆ ಹದಿನಾರು ವರ್ಷದ ಮಗನ ಮಂಕನ್ನೂ ಮನೆಯೊಳಗೆ ಕಂಡವಳು.

ಮೊದಲು ಅಳತೆ

ಯಾವ ಬಾಗಿಲು ತಟ್ಟಬೇಕು ಅಂತ ಯೋಚಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ದಿನದಿಂದ? ಏನೇನು ನಿಂತುಹೋಗಿದೆ? ಒಂದೇ ಜಾಗದಲ್ಲಾ, ಎಲ್ಲ ಕಡೆಯಾ?

ದಿನಗಳ ಲೆಕ್ಕಕ್ಕೆ ಡಾಕ್ಟರುಗಳು ಬಳಸುವ ಗೆರೆಗಳು ನಮಗೂ ಉಪಯೋಗಕ್ಕೆ ಬರುತ್ತವೆ. ಖಿನ್ನತೆ ಅನ್ನಬೇಕಾದರೆ ಹೆಚ್ಚುಕಡಿಮೆ ದಿನವಿಡೀ ಮಂಕು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕನಿಷ್ಠ 2 ವಾರ ಇರಬೇಕು, ಜೊತೆಗೆ ನಿದ್ದೆ, ಊಟ, ಗಮನದಲ್ಲೂ ವ್ಯತ್ಯಾಸ ಕಾಣಬೇಕು. ಅಪ್ಪ-ಅಮ್ಮನನ್ನು ಬಿಟ್ಟಿರಲು ಆಗದ ಭಯಕ್ಕೆ ಮಕ್ಕಳಲ್ಲಿ 4 ವಾರ. ಎಲ್ಲದರ ಬಗ್ಗೆಯೂ ಸದಾ ಚಿಂತೆ ಮಾಡುವ ಆತಂಕಕ್ಕೆ 6 ತಿಂಗಳು. ಹಾಗಂತ ಕ್ಯಾಲೆಂಡರ್ ಹಿಡಿದು ಕಾಯುತ್ತಾ ಕೂರಬೇಕಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಅಳುವುದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗಲಿ ಅಂತ ಹೇಳಿದೆ, ಅಷ್ಟೆ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಖಿನ್ನತೆ ಯಾವಾಗಲೂ ಅಳುವಿನ ರೂಪದಲ್ಲಿ ಬರುವುದಿಲ್ಲ. ಸಿಡುಕಾಗಿ ಬರುತ್ತದೆ. ನನ್ನ ಮಗ ಒಂದು ದಿನವೂ ಅಳಲಿಲ್ಲ. ಬಾಗಿಲು ಬಡಿದ, ತಂಗಿ ಉಸಿರಾಡುವ ಸದ್ದಿಗೂ ರೇಗಿದ. ನಾವು ಅದನ್ನು ವಯಸ್ಸಿನ ಕೊಬ್ಬು ಅಂದುಕೊಂಡೆವು. ಇಷ್ಟಪಟ್ಟು ಆಡುತ್ತಿದ್ದ ಫುಟ್‌ಬಾಲ್ ಬಿಟ್ಟಾಗಲೂ "ಓದಿಗೆ ಟೈಮ್ ಸಿಗುತ್ತೆ ಬಿಡು" ಅಂತ ಒಳಗೊಳಗೇ ಖುಷಿಪಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆ.

ಹಾಗಾಗಿ ಎರಡನೆಯ ಪ್ರಶ್ನೆಯೇ, ಅಂದರೆ ಏನೇನು ನಿಂತಿದೆ ಅನ್ನುವುದೇ, ನನ್ನ ಪ್ರಕಾರ ದೊಡ್ಡದು. ಮಗು ಬೇಜಾರಲ್ಲಿದ್ದೂ ಶಾಲೆಗೆ ಹೋಗುತ್ತಿದೆ, ಆಡುತ್ತಿದೆ, ತಿನ್ನುತ್ತಿದೆ ಅಂದರೆ ಮನೆಯಿಂದ ಶುರುಮಾಡಬಹುದು. ಈ ಮೂರರಲ್ಲಿ ಎರಡು ನಿಂತಿವೆ ಅಂದರೆ ಹೊರಗಿನವರ ಸಹಾಯ ಬೇಕು. ಇದೇನು ಒಂಟಿ ಕಥೆಯಲ್ಲ. ಜಗತ್ತಿನಲ್ಲಿ 10ರಿಂದ 19 ವರ್ಷದ ಪ್ರತಿ 7 ಮಕ್ಕಳಲ್ಲಿ ಒಬ್ಬರಿಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಮನೆಯಲ್ಲೇ ನೋಡಿಕೊಳ್ಳೋದು: ಎಲ್ಲಿಯವರೆಗೆ ಸಾಕು?

ಮನೆ ಅಂದರೆ ಉಪದೇಶ ಅಂತ ತಿಳಿದರೆ ಈ ಆಯ್ಕೆ ಸೋತಂತೆ. ಮನೆಯಲ್ಲಿ ನಿಜವಾಗಿ ಕೆಲಸ ಮಾಡುವುದು ಎರಡೇ: ನಿದ್ದೆ-ಆಟದಂಥ ದಿನಚರಿ, ಮತ್ತು ತಿದ್ದದೆ ಕೇಳಿಸಿಕೊಳ್ಳುವ ಒಬ್ಬ ದೊಡ್ಡವರು.

ನಿದ್ದೆ 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ಬೇಕು, 13ರಿಂದ 18ರವರಿಗೆ 8ರಿಂದ 10. ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಓಡಾಟ. ಇದು ಅಜ್ಜಿ ಹೇಳುವ ಮಾತಿನ ಥರ ಕೇಳಿಸುತ್ತದೆ, ಅಲ್ವಾ? ಆದರೆ ನಿದ್ದೆಗೆಟ್ಟ ಮಗುವನ್ನು ಥೆರಪಿಗೆ ಕರೆದೊಯ್ಯುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ.

ಮಾತಿನ ವಿಷಯ ಕಷ್ಟ. "ಏನಾಯ್ತು ಹೇಳು" ಅಂತ ಎದುರು ಕೂತು ಕೇಳಿದರೆ ಮಗನ ಬಾಯಿಂದ ಬರುತ್ತಿದ್ದುದು "ಏನಿಲ್ಲ" ಒಂದೇ. ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ಒರೆಸಿಕೊಡು ಅಂತ ಶುರುಮಾಡಿದೆ. ನಾಲ್ಕನೇ ದಿನವೋ ಐದನೇ ದಿನವೋ, ಒಂದೇ ತಟ್ಟೆಯನ್ನು ಬಹಳ ಹೊತ್ತು ಒರೆಸುತ್ತಾ, "ಅಮ್ಮ, ಎಲ್ಲರೂ ಯಾಕೆ ನಗ್ತಾರೆ ಅಂತಾನೇ ನಂಗೆ ಗೊತ್ತಾಗ್ತಿಲ್ಲ" ಅಂದ. ಬಾಯಿ ತುದಿಯಲ್ಲಿದ್ದ ಸಮಾಧಾನವನ್ನು ನುಂಗಿಕೊಂಡೆ. "ಎಷ್ಟು ದಿನದಿಂದ ಹೀಗನಿಸ್ತಿದೆ?" ಅಂತಷ್ಟೇ ಕೇಳಿದೆ. ಆ ರಾತ್ರಿ ಪಾತ್ರೆ ಮುಗಿದ ಮೇಲೂ ಮಾತು ಮುಗಿಯಲಿಲ್ಲ.

ಜಗಳ, ಹೊಸ ಶಾಲೆ, ಹತ್ತಿರದ ಗೆಳೆಯ ದೂರವಾಗಿದ್ದು, ಅಂಕ ಕಡಿಮೆಯಾಗಿದ್ದು: ಇಂಥದ್ದಕ್ಕೆ ಮನೆ ಸಾಕಾಗಬಹುದು. ಎರಡು-ಮೂರು ವಾರ ಕೊಡಿ. ಇಳಿಮುಖ ಕಾಣದಿದ್ದರೆ ಮುಂದಿನ ಬಾಗಿಲಿಗೆ ಹೋಗಿ. ಮನೆಯವರೇ ನೋವಿಗೆ ಕಾರಣವಾಗಿದ್ದರೆ, ಹೊಡೆತ, ಕುಡಿತ, ಕಿರುಚಾಟ ಇದ್ದರೆ, ಮನೆಯಲ್ಲೇ ನೋಡಿಕೊಳ್ಳೋದು ಅನ್ನುವ ಆಯ್ಕೆಯೇ ಇಲ್ಲ.

ಥೆರಪಿ ಮಗುವಿಗೋ, ನಮಗೋ?

ನಾವು ತುಂಬ ತಡವಾಗಿ ಕೇಳಿದ ಪ್ರಶ್ನೆ ಇದು. ಮೊದಲೇ ಕೇಳಬೇಕಿತ್ತು.

ಮಗಳು ಮಲಗುವ ಮೊದಲು ಕೇಳುತ್ತಿದ್ದಳು: "ಅಮ್ಮ, ನಾಳೆ ಏನೂ ಆಗಲ್ಲ ಅಲ್ವಾ?" "ಏನೂ ಆಗಲ್ಲ ಪುಟ್ಟಾ." ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಒಂದು ರಾತ್ರಿ ಎಣಿಸಿದೆ. ಹದಿನಾಲ್ಕು ಸಲ. ಅವಳಿಗೆ ಭಯ ಅಂತ ಟೀಚರಿಗೆ ಹೇಳಿ ತರಗತಿಯಲ್ಲಿ ಎದ್ದು ಓದುವುದನ್ನು ತಪ್ಪಿಸಿದೆ. ಹೊಟ್ಟೆನೋವಿನ ದಿನ ಮನೆಯಲ್ಲೇ ಇರಿಸಿಕೊಂಡೆ. ಒಂದೊಂದೂ ಪ್ರೀತಿಯಿಂದಲೇ ಮಾಡಿದ್ದು. ಅಷ್ಟೂ ಸೇರಿ ಅವಳ ಭಯಕ್ಕೆ ಗೊಬ್ಬರ ಹಾಕಿದ್ದೆ.

ಅಪ್ಪ-ಅಮ್ಮ ಮಾತ್ರ ಹೋಗಿ ಕಲಿಯುವ ಪದ್ಧತಿಗಳಿವೆ ಅಂತ ಗೊತ್ತಾಗಿದ್ದು ಆಮೇಲೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ರೂಪಿಸಿದ 'ಸ್ಪೇಸ್' ಅನ್ನುವ ಕ್ರಮ ಅಂಥದ್ದು. ಮಗು ಥೆರಪಿಗೆ ಬರುವುದೇ ಇಲ್ಲ. ಮಗುವಿನ ಭಯಕ್ಕೆ ತಕ್ಕಂತೆ ತಾವು ಬದಲಿಸಿಕೊಂಡ ಸಣ್ಣ ಸಣ್ಣ ನಡವಳಿಕೆಗಳನ್ನು ಹೆತ್ತವರು ಒಂದೊಂದಾಗಿ ಹಿಂತೆಗೆಯುತ್ತಾರೆ. ಹಾಗೆ ಮಾಡುವಾಗ "ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು, ನೀನು ತಡ್ಕೋತೀಯ ಅಂತಲೂ ಗೊತ್ತು" ಅನ್ನುವ ಎರಡೂ ಮಾತು ಒಟ್ಟಿಗೆ ಹೇಳುತ್ತಾರೆ. ಆತಂಕ ಇದ್ದ 7ರಿಂದ 14 ವರ್ಷದ 124 ಮಕ್ಕಳ ಮೇಲೆ ನಡೆದು 2020ರಲ್ಲಿ ಅಚ್ಚಾದ ಅಧ್ಯಯನದಲ್ಲಿ, ಮಕ್ಕಳಿಗೇ ಥೆರಪಿ ಕೊಟ್ಟಾಗ ಆದಷ್ಟೇ ಲಾಭ ಇದರಿಂದಲೂ ಆಗಿತ್ತು.

ನಾವು ಎರಡು ರಾತ್ರಿ-ಪ್ರಶ್ನೆಗಳಿಗೆ ಮಾತ್ರ ಉತ್ತರ ಅಂತ ಅವಳಿಗೆ ಮೊದಲೇ ಹೇಳಿದೆವು. ಮೂರನೆಯದಕ್ಕೆ ಕೈ ಹಿಡಿದು ಸುಮ್ಮನೆ ಕೂರುವುದು. ಮೊದಲ ವಾರ ನರಕ. ಅವಳು ಅತ್ತಳು, ನಾನು ಬಚ್ಚಲಲ್ಲಿ ಅತ್ತೆ. ಮೂರನೇ ವಾರ ಒಂದು ರಾತ್ರಿ ಒಂದೇ ಸಲ ಕೇಳಿ ನಿದ್ದೆಹೋದಳು.

ಹಾಗಾದರೆ ಯಾವಾಗ ನಾವು ಹೋಗಬೇಕು, ಯಾವಾಗ ಮಗು? ಚಿಕ್ಕ ಮಕ್ಕಳ ಹಟ, ಹೊಡೆಯುವುದು, ಕೂಗಾಟಕ್ಕೆ ಹೆತ್ತವರ ತರಬೇತಿಯೇ ಮೊದಲ ಆಯ್ಕೆ. 4-5 ವರ್ಷದ ಮಕ್ಕಳ ಎಡಿಎಚ್‌ಡಿಗೂ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಾತ್ರೆಗಿಂತ ಮೊದಲು ಅದನ್ನೇ ಹೇಳುತ್ತದೆ. ಆತಂಕದ ಮಗು ಥೆರಪಿಗೆ ಬರಲು ಒಪ್ಪದಿದ್ದರೆ ಆಗಲೂ ನಾವೇ ಹೋಗುವುದು ಒಳ್ಳೆಯದು. ಹದಿಹರೆಯದ ಖಿನ್ನತೆಗೆ ಮಾತ್ರ ಇದೊಂದೇ ಸಾಲದು. ಆ ಮಗುವಿಗೆ ತನ್ನದೇ ಆದ ಒಬ್ಬರು ಬೇಕು.

ಶಾಲೆಯ ಕೌನ್ಸೆಲರ್, ಹೊರಗಿನ ಥೆರಪಿಸ್ಟ್

ಶಾಲೆಯವರ ದೊಡ್ಡ ಅನುಕೂಲ, ಅವರು ಅಲ್ಲೇ ಇರುತ್ತಾರೆ. ಸಾಮಾನ್ಯವಾಗಿ ಬೇರೆ ದುಡ್ಡು ಕೊಡಬೇಕಿಲ್ಲ. ಊಟದ ಹೊತ್ತಲ್ಲಿ ಮಗು ಒಬ್ಬಳೇ ಕೂರುವುದನ್ನು ಅವರು ಕಣ್ಣಾರೆ ನೋಡಬಲ್ಲರು. ಚುಡಾಯಿಸುವಿಕೆ, ಓದಿನ ಒತ್ತಡ, ಒಬ್ಬ ಟೀಚರ್ ಜೊತೆಗಿನ ಕಿರಿಕಿರಿ, ಇವೆಲ್ಲ ಶಾಲೆಯಲ್ಲೇ ಹುಟ್ಟಿ ಶಾಲೆಯಲ್ಲೇ ಬಗೆಹರಿಯಬೇಕಾದವು. ಹೊರಗಿನವರು ಎಷ್ಟೇ ಜಾಣರಾದರೂ ಬೆಂಚು ಬದಲಿಸಿ ಕೂರಿಸಲಾರರು.

ತೊಂದರೆ ಎಲ್ಲಿ ಅಂದರೆ ಗುಟ್ಟು. ಆ ಕೋಣೆಗೆ ಹೋಗುವುದನ್ನು ತರಗತಿಯ ಇಡೀ ಸಾಲು ನೋಡುತ್ತದೆ. ನಮ್ಮ ಅನುಭವ ಇನ್ನೂ ಕಹಿ. ಮಗಳು ಕೌನ್ಸೆಲರ್ ಹತ್ತಿರ ನಂಬಿ ಹೇಳಿದ್ದನ್ನು ಅವರು ಮರುದಿನ ಅವಳೆದುರೇ ಟೀಚರಿಗೆ ಹೇಳಿದರು. ಕೆಟ್ಟ ಉದ್ದೇಶದಿಂದಲ್ಲ, ಸಹಾಯ ಆಗಲಿ ಅಂತ. ಆದರೆ ಅವಳು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಮೂರು ತಿಂಗಳು ಬೇರೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಅದಕ್ಕೇ, ಶಾಲೆಯೋ ಹೊರಗಿನವರೋ, ಮೊದಲ ದಿನ ಇದನ್ನು ಕೇಳಿ: ಮಗು ಹೇಳಿದ್ದರಲ್ಲಿ ನನಗೆ ಏನು ಹೇಳುತ್ತೀರಿ, ಏನು ಹೇಳುವುದಿಲ್ಲ? ಪ್ರಾಣಾಪಾಯ, ದೌರ್ಜನ್ಯ ಇದ್ದರೆ ಹೇಳಲೇಬೇಕು, ಉಳಿದದ್ದು ಮಗುವಿನದು. ಒಳ್ಳೆಯವರು ಈ ಗೆರೆಯನ್ನು ಮಗುವಿನ ಎದುರೇ ಎಳೆಯುತ್ತಾರೆ.

ಇಡೀ ತರಗತಿಗೆ ಹೇಳಿಕೊಡುವ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ) ಥರದ ಪಾಠಗಳ ಬಗ್ಗೆ ಒಂದು ಮಾತು. ಬ್ರಿಟನ್ನಿನಲ್ಲಿ 11ರಿಂದ 13 ವರ್ಷದ 8,000ಕ್ಕೂ ಹೆಚ್ಚು ಮಕ್ಕಳ ಜೊತೆ ನಡೆದ 'ಮಿರಿಯಡ್' ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಶಾಲೆಗಳು ಮೊದಲಿಂದ ಮಾಡುತ್ತಿದ್ದ ಪಾಠಗಳಿಗಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಶಾಲೆಯಲ್ಲಿ ಅಂಥ ಪೀರಿಯಡ್ ಇದ್ದರೆ ಇರಲಿ. ನೊಂದಿರುವ ನಿಮ್ಮ ಮಗುವಿಗೆ ಅದೇ ಚಿಕಿತ್ಸೆ ಅಂತ ಕೂರಬೇಡಿ.

ಬೋರ್ಡ್ ಮೇಲಿನ ಹೆಸರುಗಳು

ಸೈಕಿಯಾಟ್ರಿಸ್ಟ್ ಅಂದರೆ ವೈದ್ಯರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆಗಳನ್ನು ಮಾಡುತ್ತಾರೆ, ಥೆರಪಿ ಕೊಡುತ್ತಾರೆ. ಕೌನ್ಸೆಲರ್ ಅನ್ನುವ ಪದ ಮಾತ್ರ ಎಷ್ಟು ಬೇಕಾದರೂ ಹಿಗ್ಗುತ್ತದೆ. ವರ್ಷಗಟ್ಟಲೆ ಕಲಿತವರೂ ಇರುತ್ತಾರೆ, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಇರುತ್ತಾರೆ. ಏನು ಓದಿದ್ದೀರಿ, ಈ ವಯಸ್ಸಿನ ಎಷ್ಟು ಮಕ್ಕಳನ್ನು ನೋಡಿದ್ದೀರಿ ಅಂತ ಕೇಳಲು ಸಂಕೋಚ ಬೇಡ. ಈ ಪ್ರಶ್ನೆಗೆ ಮುಖ ಗಂಟಿಕ್ಕಿದರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ವಿಧಾನವನ್ನೂ ಕೇಳಿ. ಮಾತಲ್ಲಿ ಹೇಳಲು ಬಾರದ ಪುಟ್ಟ ಮಕ್ಕಳಿಗೆ ಆಟದ ಮೂಲಕ ನಡೆಯುವ ಪ್ಲೇ ಥೆರಪಿ ಹೊಂದುತ್ತದೆ. ಏಳೆಂಟು ವರ್ಷ ದಾಟಿದವರ ಆತಂಕಕ್ಕೆ ಹೆಚ್ಚು ಪುರಾವೆ ಇರುವುದು ಸಿಬಿಟಿಗೆ, ಅಂದರೆ ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸಿಕೊಳ್ಳಲು ಕಲಿಸುವ ಥೆರಪಿಗೆ. ಇದರ ಬೇರು ಅಮೆರಿಕದ ಸೈಕಿಯಾಟ್ರಿಸ್ಟ್ ಆರನ್ ಬೆಕ್ 1960ರ ದಶಕದಲ್ಲಿ ಮಾಡಿದ ಕೆಲಸದಲ್ಲಿದೆ. ಮಕ್ಕಳಲ್ಲಿ ಅದು ಹೆಚ್ಚಾಗಿ ಏಣಿಯ ಥರ ಕಾಣುತ್ತದೆ. ನನ್ನ ಮಗಳದ್ದು ಹೀಗಿತ್ತು: ಮೊದಲ ಮೆಟ್ಟಿಲು, ಕನ್ನಡಿ ಮುಂದೆ ಗಟ್ಟಿಯಾಗಿ ಓದು. ಎರಡು, ಅಣ್ಣನ ಮುಂದೆ. ಮೂರು, ತರಗತಿಯಲ್ಲಿ ಗೆಳತಿಯೊಬ್ಬಳ ಕಿವಿಗೆ. ನಾಲ್ಕು, ಟೀಚರಿಗೆ ಮಾತ್ರ. ಏಳನೆಯದು, ಎದ್ದು ನಿಂತು ಒಂದು ಪ್ಯಾರಾ. ಪ್ರತಿ ಮೆಟ್ಟಿಲಲ್ಲೂ ಭಯಕ್ಕೆ ಹತ್ತರಲ್ಲಿ ಅಂಕ. ಮೂರರಲ್ಲಿ ಅಂಕ ಇಳಿಯುವವರೆಗೆ ನಾಲ್ಕಕ್ಕೆ ಹೋಗುವಂತಿಲ್ಲ. ಕೌನ್ಸೆಲಿಂಗ್ ಅಂದರೆ ಬರೀ ಮಾತು ಅಂದುಕೊಂಡಿದ್ದ ನನಗೆ ಈ ಲೆಕ್ಕಾಚಾರ ನೋಡಿ ಆಶ್ಚರ್ಯವೇ ಆಯಿತು.

ಮಾತೋ, ಮಾತ್ರೆಯೋ?

ಇಲ್ಲಿ ಜಾಸ್ತಿ ಕೂಗಾಟ, ಕಡಿಮೆ ಮಾಹಿತಿ. ಎರಡು ದೊಡ್ಡ ಅಮೆರಿಕನ್ ಅಧ್ಯಯನಗಳ ಅಂಕಿಗಳು ನನ್ನ ತಲೆ ತಿಳಿಮಾಡಿದವು.

ಖಿನ್ನತೆಯದು ಮೊದಲು. 2004ರ 'ಟ್ಯಾಡ್ಸ್' ಅಧ್ಯಯನದಲ್ಲಿ 12ರಿಂದ 17 ವರ್ಷದ 439 ಮಕ್ಕಳಿದ್ದರು. 12 ವಾರದಲ್ಲಿ ಮಾತ್ರೆ (ಫ್ಲುಆಕ್ಸೆಟಿನ್) ಮತ್ತು ಸಿಬಿಟಿ ಎರಡೂ ಸಿಕ್ಕವರಲ್ಲಿ ಶೇ. 71 ಮಂದಿ ಸುಧಾರಿಸಿದರು. ಮಾತ್ರೆ ಮಾತ್ರ ಪಡೆದವರಲ್ಲಿ ಶೇ. 61, ಸಿಬಿಟಿ ಮಾತ್ರ ಪಡೆದವರಲ್ಲಿ ಶೇ. 43, ಔಷಧಿಯೇ ಇಲ್ಲದ ಹುಸಿ ಮಾತ್ರೆಯಲ್ಲಿ ಶೇ. 35. ಆದರೆ 36 ವಾರಕ್ಕೆ ಸಿಬಿಟಿ ಗುಂಪು ಮಾತ್ರೆಯವರನ್ನು ಹಿಡಿದುಬಿಟ್ಟಿತ್ತು, ಎರಡರಲ್ಲೂ ಶೇ. 81.

ಆತಂಕದ ಕಥೆ ಬೇರೆ. 2008ರ 'ಕ್ಯಾಮ್ಸ್' ಅಧ್ಯಯನದಲ್ಲಿ 7ರಿಂದ 17 ವರ್ಷದ 488 ಮಕ್ಕಳು. ಎರಡೂ ಸೇರಿದಾಗ ಶೇ. 81, ಸಿಬಿಟಿ ಒಂದೇ ಶೇ. 60, ಸರ್ಟ್ರಲಿನ್ ಮಾತ್ರೆ ಒಂದೇ ಶೇ. 55, ಹುಸಿ ಮಾತ್ರೆ ಶೇ. 24.

ನಾನು ಇದನ್ನು ಓದಿಕೊಂಡಿದ್ದು ಹೀಗೆ. ಆತಂಕ, ಅದೂ ಮಧ್ಯಮ ಮಟ್ಟದ್ದು, ಅಂದರೆ ಮಾತಿನಿಂದ ಶುರುಮಾಡಲು ಹೆದರಬೇಕಿಲ್ಲ. ಖಿನ್ನತೆ ಜೋರಾಗಿದ್ದು ಮಗು ಹಾಸಿಗೆಯಿಂದಲೇ ಏಳುತ್ತಿಲ್ಲ ಅಂದರೆ ಮಾತ್ರೆಯ ಬಗ್ಗೆ ಹಟ ಬೇಡ. ಏಳಲಾರದ ಮಗುವಿಗೆ ಏಣಿ ತೋರಿಸಿ ಏನು ಪ್ರಯೋಜನ?

ಮಾತ್ರೆಯ ಭಯಕ್ಕೂ ಕಾರಣ ಇದೆ, ಅದನ್ನು ಮುಚ್ಚಿಡಬಾರದು. 2004ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಖಿನ್ನತೆಯ ಮಾತ್ರೆಗಳ ಮೇಲೆ ತನ್ನ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. ಸುಮಾರು 4,400 ಮಕ್ಕಳಿದ್ದ 24 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸಾಯುವ ಯೋಚನೆ ಅಥವಾ ಅಂಥ ವರ್ತನೆ ಮಾತ್ರೆ ಪಡೆದವರಲ್ಲಿ ಶೇ. 4, ಹುಸಿ ಮಾತ್ರೆಯವರಲ್ಲಿ ಶೇ. 2 ಇತ್ತು. ಯಾರೂ ಪ್ರಾಣ ಕಳೆದುಕೊಂಡಿರಲಿಲ್ಲ. ಹಾಗಾಗಿ ಮೊದಲ ಕೆಲವು ವಾರ ಮತ್ತು ಡೋಸ್ ಬದಲಿಸಿದಾಗ ಹತ್ತಿರದಿಂದ ಗಮನಿಸಬೇಕು. ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ. "ಈಗ ಚೆನ್ನಾಗಿದ್ದಾನಲ್ಲ" ಅಂತ ನಾವೇ ದಿಢೀರನೆ ನಿಲ್ಲಿಸುವಂತಿಲ್ಲ. ಮಗನ ಮಾತ್ರೆ ಡಬ್ಬಿ ನನ್ನ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು. ರಾತ್ರಿ ಒಂದು ತೆಗೆದುಕೊಡುತ್ತಿದ್ದೆ. ಅವನು ಕಣ್ಣು ತಿರುಗಿಸುತ್ತಿದ್ದ. ತಿರುಗಿಸಲಿ.

ಆ್ಯಪ್, ಆನ್‌ಲೈನ್, ಸಹಾಯವಾಣಿ

ವಿಡಿಯೋದಲ್ಲಿ ಸಿಗುವ ಥೆರಪಿಸ್ಟ್ ಹದಿಹರೆಯದವರಿಗೆ ಚೆನ್ನಾಗಿ ಒಗ್ಗಬಹುದು. ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಇದ್ದರೆ. ಆರು ವರ್ಷದವನನ್ನು ಪರದೆ ಮುಂದೆ ಕೂರಿಸಿದರೆ ಐದನೇ ನಿಮಿಷಕ್ಕೆ ಮೇಜಿನ ಕೆಳಗಿರುತ್ತಾನೆ. ಆ್ಯಪ್ ಉಸಿರಾಟಕ್ಕೆ, ಮೂಡ್ ಬರೆದಿಡಲು ಸರಿ. ಚಾಟ್‌ಬಾಟ್ ಜೊತೆ ಮಾತಾಡುತ್ತಿದ್ದಾರೆ ಅಂತ ಗೊತ್ತಾದರೆ ಬೈಯಬೇಡಿ, ಏನು ಮಾತಾಡುತ್ತಾರೆ ಅಂತ ಕುತೂಹಲದಿಂದ ಕೇಳಿ. ಆದರೆ ಮುಖ ನೋಡಿ ಗಾಬರಿಯಾಗಬಲ್ಲ ಮನುಷ್ಯರ ಜಾಗಕ್ಕೆ ಅದನ್ನು ಕೂರಿಸಬೇಡಿ. ಸಹಾಯವಾಣಿ ಇವತ್ತಿನ ರಾತ್ರಿಗೆ. ನಂಬರ್ ಮೊದಲೇ ಮಗುವಿನ ಫೋನಿನಲ್ಲಿ ಇರಲಿ.

ಹೋಲಿಸುತ್ತ ಕೂರಬಾರದ ಸಂದರ್ಭ

ಸಾಯುವ ಮಾತು, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ಯಾರಿಗೂ ಕೇಳದ ಧ್ವನಿ ಕೇಳಿಸುವುದು, ಊಟ ಬಿಟ್ಟು ತೂಕ ಬೇಗ ಇಳಿಯುವುದು. ಇವುಗಳಲ್ಲಿ ಯಾವುದಿದ್ದರೂ ಮೇಲಿನ ತುಲನೆಯೆಲ್ಲ ಬದಿಗಿಡಿ, ಡಾಕ್ಟರ ಹತ್ತಿರ ಹೋಗಿ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ ನೇರ ತುರ್ತು ಚಿಕಿತ್ಸಾ ವಿಭಾಗ, ಅಲ್ಲಿಯವರೆಗೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ವಿಷದ ವಸ್ತು, ಚೂಪಾದವು ಕೈಗೆ ಸಿಗದಂತೆ ಇಡಿ.

"ಸಾಯಬೇಕು ಅಂತ ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಅಂತ ಬಹಳ ಜನ ಹೆದರುತ್ತಾರೆ. ಸಂಶೋಧನೆಗಳು ಈ ಹೆದರಿಕೆಗೆ ಆಧಾರವಿಲ್ಲ ಅನ್ನುತ್ತವೆ. ಕೇಳಿ. ಧ್ವನಿ ನಡುಗಿದರೂ ಪರವಾಗಿಲ್ಲ.

ಯಾರು ಆರಿಸಬೇಕು?

ಚಿಕ್ಕವರಿಗೆ ನಾವು. ಹದಿಮೂರು-ಹದಿನಾಲ್ಕು ದಾಟಿದ ಮೇಲೆ ಅವರನ್ನು ಬಿಟ್ಟು ಆರಿಸಿದರೆ ಎರಡನೇ ಸಲ ಬರುವುದಿಲ್ಲ. ಮಗನಿಗೆ ಇಬ್ಬರು ಥೆರಪಿಸ್ಟ್‌ಗಳ ಹೆಸರು ಕೊಟ್ಟೆ, ಇಬ್ಬರ ಹತ್ತಿರವೂ ಒಂದೊಂದು ಸಲ ಹೋಗು ಅಂದೆ. ನಾನು ಮನಸ್ಸಲ್ಲೇ ಆರಿಸಿದ್ದವರು ಹೆಚ್ಚು ಓದಿದ್ದವರು. ಅವನು ಇನ್ನೊಬ್ಬರನ್ನು ಆರಿಸಿದ. ಕಾರಣ? "ಅವರು ನೋಟ್ಸ್ ಬರ್ಕೊಳ್ಳಲ್ಲ, ನನ್ ಶೂ ಲೇಸ್ ಬಗ್ಗೆ ಕೇಳಿದ್ರು." ಸೋತೆ ಅಂದುಕೊಂಡೆ. ಹನ್ನೊಂದು ತಿಂಗಳು ಒಂದು ವಾರವೂ ತಪ್ಪಿಸದೆ ಹೋದ. ಓದು-ತರಬೇತಿ ಒಂದು ಮಟ್ಟಕ್ಕಿದೆ ಅಂತ ಖಚಿತವಾದ ಮೇಲೆ, ಮಗು ಮತ್ತೆ ಹೋಗಲು ಒಪ್ಪುವವರೇ ಸರಿಯಾದವರು ಅನ್ನುವುದು ನನ್ನ ಈಗಿನ ಲೆಕ್ಕ.

ಜೊತೆಗೆ ಒಂದು ದಿನಾಂಕ ಹಾಕಿಕೊಳ್ಳಿ. ಐದಾರು ಭೇಟಿ ಆದ ಮೇಲೆ ಮೊದಲು ನಿಂತಿದ್ದು ಏನಾದರೂ ಮತ್ತೆ ಶುರುವಾಗಿದೆಯಾ ನೋಡಿ. ಆಗಿಲ್ಲದಿದ್ದರೆ ಥೆರಪಿಸ್ಟ್ ಹತ್ತಿರವೇ ಮಾತಾಡಿ. ಬದಲಿಸುವುದು ಅವಮಾನವಲ್ಲ, ಅವರೇ ಬೇರೆಯವರ ಹೆಸರು ಹೇಳಬಹುದು.

ಕೊನೆಗೆ ಒಂದು ಸಣ್ಣ ವಿಷಯ. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಮಗುವಿಗೆ ಸುಳ್ಳು ಹೇಳಬೇಡಿ. ನಾನು ಹೇಳಿದ್ದೆ, "ಒಬ್ರು ಆಂಟಿ ಮನೆಗೆ, ಅವರ ಹತ್ರ ತುಂಬಾ ಆಟದ ಸಾಮಾನು ಇದೆ" ಅಂತ. ಬಾಗಿಲ ಪಕ್ಕದ ಬೋರ್ಡನ್ನು ಮಗಳು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, "ಇದು ಮನೆ ಅಲ್ಲ" ಅಂದಳು. ಅವತ್ತು ಒಳಗೆ ಹೋಗಲಿಲ್ಲ. ಮುಂದಿನ ವಾರ ನಿಜ ಹೇಳಿ ಕರೆದುಕೊಂಡು ಹೋದೆ.